ಕೌದಿ ಹೊಲಿದು ಕೈಗೆ ದುಡ್ಡು ಬರಬೇಕಂದ್ರೆ: ಸೀರೆ ಒಗೆಯೋದರಿಂದ ಹಿಡಿದು ರೇಟ್ ಹೇಳೋವರೆಗೂ ಹಂತ ಹಂತವಾಗಿ

ಕೌದಿ, ಅಂದ್ರೆ ಹಳೇ ಸೀರೆಗಳನ್ನ ಪದರ ಪದರವಾಗಿ ಜೋಡಿಸಿ, ಮೇಲೆ ತೇಪೆ ಹಾಕಿ ಕೈಯಲ್ಲಿ ಹೊಲಿಯೋ ಹೊದಿಕೆ. ಅದನ್ನ ಹೊಲಿಯೋಕೆ ಬರೋ ಹೆಂಗಸರಿಗೆ ನಮ್ಮಲ್ಲಿ ಕೊರತೆ ಇಲ್ಲ. ಆದ್ರೆ ಅದನ್ನೇ ನಂಬ್ಕೊಂಡು ನಾಲ್ಕು ಕಾಸು ಸಂಪಾದಿಸೋಣ ಅಂತ ಹೊರಟವರಲ್ಲಿ ತುಂಬಾ ಜನ ಒಂದೇ ಜಾಗದಲ್ಲಿ ಎಡವ್ತಿದ್ದಾರೆ. ಒಂದೋ ಕೌದಿ ನಡುವೆ ಉಬ್ಬಿಕೊಂಡು ಅಂಚು ಸೊಟ್ಟ ಆಗುತ್ತೆ, ಇಲ್ಲಾ ಮೊದಲನೇ ಒಗೆತಕ್ಕೇ ಕೆಂಪು ಬಣ್ಣ ಬಿಟ್ಟು ಗಿರಾಕಿ ವಾಪಸ್ ತಂದು ಕೊಡ್ತಾರೆ, ಇವೆರಡೂ ಸರಿಹೋದ್ರೆ ಕೌದಿ ಮಾರಿ ಬಂದ ದುಡ್ಡನ್ನ ಹೊಲಿದ ದಿನಗಳಿಗೆ ಭಾಗಿಸಿದಾಗ ಕೂಲಿಗೆ ಹೋಗಿದ್ರೇ ವಾಸಿ ಇತ್ತು ಅನ್ನಿಸುತ್ತೆ.

ಈ ಮೂರೂ ತೊಂದರೆಗೆ ಹೊಲಿಗೆ ಬರದೇ ಇರೋದು ಕಾರಣ ಅಲ್ಲ. ಸೂಜಿಗೆ ದಾರ ಪೋಣಿಸೋ ಮುಂಚೆ ಮಾಡ್ಬೇಕಾದ ಕೆಲಸಗಳನ್ನ ಬಿಟ್ಟಿರೋದು ಅಥವಾ ಹಿಂದು ಮುಂದು ಮಾಡಿರೋದು ಕಾರಣ. ಅದಕ್ಕೇ ಇಲ್ಲಿ ಹೊಲಿಗೆ ಬಗ್ಗೆ ಕಮ್ಮಿ, ಅದರ ಹಿಂದೆ ಮುಂದೆ ಇರೋದರ ಬಗ್ಗೆ ಜಾಸ್ತಿ ಬರೆದಿದ್ದೀನಿ. ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಉಳಿದ ಹೊತ್ತಲ್ಲಿ ಹೊಲಿಯೋ ಅಕ್ಕಂದಿರಿಗೆ, ಅವರ ಸಂಘ ನಡೆಸೋರಿಗೆ ಇಬ್ಬರಿಗೂ ಇದು.

1. ಮೊದಲು ಏನು ಹೊಲೀಬೇಕು ಅಂತ ತೀರ್ಮಾನ ಮಾಡಿ

ಎಲ್ಲರೂ ಮೊದಲಿಗೇ ಡಬಲ್ ಕಾಟ್ ಕೌದಿಗೆ ಕೈ ಹಾಕ್ತಾರೆ. ಬೇಡ. ಅದು ಮುಗಿಯೋಕೆ ವಾರಗಟ್ಟಲೆ ಬೇಕು, ಮುಗಿದ್ಮೇಲೆ ಮಾರೋಕೆ ಇನ್ನಷ್ಟು ದಿನ, ಅಲ್ಲೀವರೆಗೂ ಕೈಯಲ್ಲಿ ಒಂದು ರೂಪಾಯಿ ಇರಲ್ಲ. ಬಡತನದಲ್ಲಿ ಇರೋ ಮನೆಗೆ ಕಾಯೋದೇ ಎಲ್ಲಕ್ಕಿಂತ ದೊಡ್ಡ ಖರ್ಚು, ಎಷ್ಟೋ ಜನ ಅರ್ಧಕ್ಕೇ ಬಿಡೋದು ಇದೇ ಕಾರಣಕ್ಕೆ.

ಕೂಸಿನ ಕೌದಿಯಿಂದ ಶುರು ಮಾಡಿ, 36 ಇಂಚು ಉದ್ದ 36 ಇಂಚು ಅಗಲ. ದುಡ್ಡು ಬೇಗ ತಿರುಗುತ್ತೆ, ತಪ್ಪಾದ್ರೂ ನಷ್ಟ ಸಣ್ಣದು. ಎರಡು ಮೂರು ಮಾರಾಟ ಆದ್ಮೇಲೆ ಒಬ್ಬರು ಹೊದೆಯೋ ಸೈಜು, ಅಂದ್ರೆ 60 ಇಂಚು ಅಗಲ 90 ಇಂಚು ಉದ್ದ. ಡಬಲ್ ಕಾಟ್ ಕೌದಿನ ಅಡ್ವಾನ್ಸ್ ಬಂದ್ರೆ ಮಾತ್ರ ಹೊಲೀರಿ. ಕೂಸಿನದಕ್ಕೆ ಗುಂಡಿ, ಕನ್ನಡಿ, ಮಣಿ ಯಾವುದನ್ನೂ ಹಚ್ಚಬೇಡಿ, ಕಿತ್ತು ಬಾಯಿಗೆ ಹಾಕ್ಕೊಳ್ಳುತ್ತೆ.

2. ಸಾಮಾನು

ಉದ್ದನೆ ಗಟ್ಟಿ ಸೂಜಿ ನಾಲ್ಕೈದು, ಅಂಗುಸ್ತಾನ (ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕೋ ಟೋಪಿ), ಚೂಪಾದ ಕತ್ತರಿ, ಇಂಚ್ ಟೇಪ್, ಚಾಕ್, ಉದ್ದನೆ ಸ್ಕೇಲ್ ಇಲ್ಲಾ ನೇರ ಇರೋ ಪಟ್ಟಿ, ಗುಂಡುಪಿನ್ನು, ದಪ್ಪ ಕಾಟನ್ ದಾರ, ಒಂದು ತುಂಡು ಮೇಣ, ಒಂದು ನೋಟ್‌ಬುಕ್. ಇಷ್ಟೇ. ಮಷೀನ್ ಬೇಕಾಗಿಲ್ಲ, ಅದಕ್ಕೋಸ್ಕರ ಸಾಲ ಅಂತೂ ಬೇಡವೇ ಬೇಡ, ಕೈಹೊಲಿಗೆ ಅಂತಾನೇ ಜನ ಹುಡುಕ್ಕೊಂಡು ಬರೋದು.

ಚೀಲ ಹೊಲಿಯೋ ದಬ್ಬಣ ಬಳಸಬೇಡಿ, ಹಳೇ ಬಟ್ಟೆಯಲ್ಲಿ ಅದು ಬಿಟ್ಟ ತೂತು ಮುಚ್ಚಿಕೊಳ್ಳಲ್ಲ, ಒಗೆದಷ್ಟೂ ದೊಡ್ಡದಾಗುತ್ತೆ. ಕಾಟನ್ ಬಟ್ಟೆಗೆ ಕಾಟನ್ ದಾರವೇ ಹಾಕಿ. ಪಾಲಿಸ್ಟರ್ ದಾರ ಗಟ್ಟಿ ಇರುತ್ತೆ ನಿಜ, ಆದ್ರೆ ಸವೆದ ಬಟ್ಟೆಗಿಂತ ದಾರ ಗಟ್ಟಿ ಇದ್ರೆ ಎಳೆದಾಡಿದಾಗ ಹರಿಯೋದು ಬಟ್ಟೆ. ಅಂಗುಸ್ತಾನ ಬೇಡ ಅಂತ ಎಲ್ಲರೂ ಪಕ್ಕಕ್ಕೆ ಇಡ್ತಾರೆ, ನಾಲ್ಕು ಪದರ ತಳ್ಳೋಕೆ ಬೆರಳು ತೂತಾದ್ಮೇಲೆ ನೆನಪಾಗುತ್ತೆ. ಗಾಯ ಆದ ಬೆರಳು ಅಂದ್ರೆ ಎರಡು ದಿನದ ಕೆಲಸ ಹೋಯ್ತು, ಜೊತೆಗೆ ಬಟ್ಟೆ ಮೇಲೆ ರಕ್ತದ ಕಲೆ.

3. ಬಟ್ಟೆ ಆರಿಸೋದು ಮತ್ತು ಒಗೆಯೋದು (ಇದನ್ನ ಹಾರಿಸಬೇಡಿ)

ಸೀರೆ ಕೈಗೆ ಬಂದ ತಕ್ಷಣ ಬಿಚ್ಚಿ ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿವರೆಗೂ ನೋಡಿ. ತೆಳ್ಳಗಾಗಿ ಬೆಳಕು ಹಾಯೋ ಕಡೆ ಎರಡೂ ಹೆಬ್ಬೆರಳಿಟ್ಟು ಹಗುರವಾಗಿ ಎಳೀರಿ. ಚರ್ ಅಂತ ಹರಿದ್ರೆ ಆ ಭಾಗ ಕತ್ತರಿಸಿ ತೆಗೀರಿ, ಮಧ್ಯದ ಪದರಕ್ಕೂ ಬೇಡ. ಎಳೆ ಸ್ವಲ್ಪ ಬಿಟ್ಟುಕೊಂಡ್ರೆ ಮಧ್ಯಕ್ಕೆ ಹಾಕಬಹುದು. ಏನೂ ಆಗದಿದ್ರೆ ಮೇಲಕ್ಕೂ ತಳಕ್ಕೂ ಆಗುತ್ತೆ. ಫಾಲ್, ಜರಿ ಅಂಚು ಬಿಚ್ಚಿ ತೆಗೆದುಬಿಡಿ. ಸಿಂಥೆಟಿಕ್ ಸೀರೆ ಜಾರುತ್ತೆ, ಕಾಟನ್ ಒಗೆದಾಗ ಕುಗ್ಗುತ್ತೆ, ಎರಡನ್ನೂ ಒಂದೇ ಕೌದಿಗೆ ಸೇರಿಸಿದ್ರೆ ಮೊದಲನೇ ಒಗೆತದಲ್ಲೇ ಸುಕ್ಕು ಬರುತ್ತೆ. ಕಾಟನ್ ಅಂದ್ರೆ ಪೂರ್ತಿ ಕಾಟನ್.

ಆಮೇಲೆ ಬಣ್ಣದ ಪರೀಕ್ಷೆ. ಬಿಳಿ ಬಟ್ಟೆ ಚೂರನ್ನ ಬಿಸಿನೀರಲ್ಲಿ ಅದ್ದಿ ಹಿಂಡಿ ಸೀರೆ ಮೇಲೆ ಗಟ್ಟಿಯಾಗಿ ಉಜ್ಜಿ. ಬಣ್ಣ ಬಂತಾ, ಆ ಸೀರೆನ ಬೇರೆ ಇಟ್ಟು ಬಿಸಿನೀರು ಸೋಪಲ್ಲಿ ಎರಡು ಮೂರು ಸಲ ಒಗೆದು ಮತ್ತೆ ಉಜ್ಜಿ ನೋಡಿ. ಆಗಲೂ ಬಂದ್ರೆ ಮಾರೋ ಕೌದಿಗೆ ಅದು ಆಗಲ್ಲ, ಮನೆಗೆ ಇಟ್ಕೊಳ್ಳಿ. ಉಪ್ಪು ನೀರಲ್ಲಿ ರಾತ್ರಿ ಪೂರ್ತಿ ನೆನೆಸಿದ್ರೆ ಬಣ್ಣ ಕೂತ್ಕೊಳ್ಳುತ್ತೆ ಅಂತ ತುಂಬಾ ಜನ ನಂಬಿದ್ದಾರೆ, ಬಿಡ್ತಾ ಇರೋ ಬಣ್ಣ ಉಪ್ಪಿಗೆ ನಿಲ್ಲಲ್ಲ. ಕಡುಕೆಂಪು, ಕಡುನೀಲಿ, ಕಪ್ಪು ಈ ಮೂರರ ಮೇಲೆ ಹೆಚ್ಚು ಅನುಮಾನ ಇರಲಿ.

ಪರೀಕ್ಷೆ ಪಾಸಾದ ಸೀರೆಗಳನ್ನೂ ಸೇರಿಸಿ ಎಲ್ಲವನ್ನೂ ಒಮ್ಮೆ ಬಿಸಿನೀರಲ್ಲಿ ಒಗೀರಿ. ಗಂಜಿ ಪೂರ್ತಿ ಹೋಗ್ಬೇಕು, ಇಲ್ಲಾಂದ್ರೆ ಸೂಜಿ ಇಳಿಯಲ್ಲ, ಇಟ್ಟ ಕಡೆ ಹುಳನೂ ಹಿಡಿಯುತ್ತೆ. ಕುಗ್ಗೋದೆಲ್ಲ ಈಗಲೇ ಕುಗ್ಗಿಬಿಡಲಿ. ಒಣಗಿಸುವಾಗ ಮಡಿಕೆಯಲ್ಲೂ ತೇವ ಉಳೀಬಾರದು, ಮಳೆಗಾಲದಲ್ಲಂತೂ ಇದೇ ದೊಡ್ಡ ತಲೆನೋವು, ಒಳಪದರದಲ್ಲಿ ಸ್ವಲ್ಪ ತೇವ ಉಳಿದ್ರೂ ಬೂಷ್ಟು ಬಂದು ಹೊರಗೆ ಕಾಣೋ ಹೊತ್ತಿಗೆ ವಾಸನೆ ಹಿಡಿದಿರುತ್ತೆ. ಹಾಗಾಗಿ ಬೇಸಿಗೆಯಲ್ಲೇ ಬಟ್ಟೆ ಒಗೆದು ಒಣಗಿಸಿ ಕಟ್ಟಿಟ್ಕೊಂಡ್ರೆ ಮಳೇಲಿ ಬರೀ ಹೊಲಿಗೆ ಉಳಿಯುತ್ತೆ, ಚಳಿಗಾಲದ ಹೊತ್ತಿಗೆ ಮಾಲು ರೆಡಿ.

4. ಅಳತೆ ಮತ್ತು ಕತ್ತರಿಸೋದು

ಕೈಹೊಲಿಗೆ ಬಟ್ಟೆನ ಒಳಕ್ಕೆ ಎಳ್ಕೊಳ್ಳುತ್ತೆ. 60 ಇಂಚು 90 ಇಂಚು ಕೌದಿ ಬೇಕು ಅಂದ್ರೆ 63 ಇಂಚು 93 ಇಂಚು ಕತ್ತರಿಸಿ. ಗಿರಾಕಿ ಹೇಳಿದ ಅಳತೆಗೇ ಕತ್ತರಿಸಿ ಕೊನೆಗೆ ಎರಡಿಂಚು ಕಮ್ಮಿ ಬಂತು ಅಂತ ಪೇಚಾಡೋದು ತುಂಬಾ ಸಾಮಾನ್ಯ.

ಸೀರೆ ಸುಮಾರು ಐದೂವರೆ ಮೀಟರ್ ಉದ್ದ, 45 ಇಂಚು ಅಗಲ. ಅದರಲ್ಲಿ 93 ಇಂಚಿನ ಎರಡು ತುಂಡು ಬರುತ್ತೆ, ಕೊನೆಗೆ 30 ಇಂಚಿನ ಒಂದು ಚೂರು ಉಳಿಯುತ್ತೆ. 63 ಇಂಚು ಅಗಲಕ್ಕೆ ಒಂದು ಪೂರ್ತಿ ತುಂಡು, ಅದರ ಪಕ್ಕಕ್ಕೆ ಉದ್ದಕ್ಕೆ ಸೀಳಿದ ಅರ್ಧ ತುಂಡು ಬೇಕು. ಅಂದ್ರೆ ಒಂದು ಪದರಕ್ಕೆ ಒಂದೂವರೆ ತುಂಡು. ತಳ ಒಂದು, ಮಧ್ಯ ಎರಡು, ಹೀಗೆ ಮೂರು ಪದರಕ್ಕೆ ಮೂರು ಸೀರೆ ಸಾಕು, ಉಳಿದ ಚೂರುಗಳು ಮೇಲಿನ ತೇಪೆಗೆ. ಸವೆದ ಭಾಗ ತೆಗೆದ್ರೆ ಕಮ್ಮಿ ಬೀಳಬಹುದು, ನಾಲ್ಕನೇದೊಂದು ಕೈಯಲ್ಲಿರಲಿ. ಒಂದು ಪದರದ ಜೋಡು ಎಡಕ್ಕೆ ಬಂದ್ರೆ ಮುಂದಿನದ್ದು ಬಲಕ್ಕೆ ಬರಲಿ. ಜೋಡಿನ ಮೇಲೆ ಜೋಡು ಬಂದ್ರೆ ಅಲ್ಲಿ ಏಣು ಎದ್ದು ಸೂಜಿ ಮುರಿಯುತ್ತೆ.

5. ಹಾಸಿ ಕಚ್ಚಾ ಹೊಲಿಗೆ ಹಾಕೋದು

ಕೌದಿ ಕೆಡೋ ಹಂತ ಯಾವುದು ಅಂದ್ರೆ ಇದೇ, ಹಾಗಾಗಿ ಇಲ್ಲಿ ಅವಸರ ಬೇಡ. ಗುಡಿಸಿ ಒರೆಸಿದ ನೆಲದ ಮೇಲೆ ತಳದ ಬಟ್ಟೆನ ಒಳಮುಖ ಮೇಲೆ ಬರೋ ಹಾಗೆ ಹಾಸಿ ನಾಲ್ಕು ಮೂಲೆಗೂ ಭಾರ ಇಡಿ. ಬಟ್ಟೆ ನೆಟ್ಟಗಿರಬೇಕು ಆದ್ರೆ ಬಿಗಿಯಾಗಿ ಎಳೆದಿರಬಾರದು, ಎಳೆದು ಹಾಸಿದ್ದು ಎತ್ತಿದ ಕೂಡ್ಲೇ ಸುಕ್ಕಾಗುತ್ತೆ. ಅದರ ಮೇಲೆ ಮಧ್ಯದ ಪದರ ಒಂದೊಂದಾಗಿ ಹಾಸಿ ಪ್ರತಿ ಸಲ ನಡುವಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ.

ತೇಪೆಗಳನ್ನ ಅಂಚು ಅರ್ಧ ಇಂಚು ಒಳಕ್ಕೆ ಮಡಚಿ, ಬೆರಳಲ್ಲಿ ಒತ್ತಿ, ಮೇಲೆ ಜೋಡಿಸಿ ಪಿನ್ ಮಾಡಿ. ಎಲ್ಲ ಜೋಡಿಸಿದ್ಮೇಲೆ ಎದ್ದು ನಿಂತು ದೂರದಿಂದ ಒಮ್ಮೆ ನೋಡಿ, ಕಡು ಬಣ್ಣ ಎಲ್ಲಾ ಒಂದೇ ಕಡೆ ಗುಂಪಾಗಿದ್ರೆ ಕೂತಾಗ ಗೊತ್ತಾಗಲ್ಲ.

ಈಗ ಕಚ್ಚಾ ಹೊಲಿಗೆ, ಅಂದ್ರೆ ಪದರಗಳು ಅಲುಗದ ಹಾಗೆ ಸದ್ಯಕ್ಕೆ ಹಿಡಿದಿಟ್ಟು ಕೊನೆಗೆ ಬಿಚ್ಚಿಬಿಡೋ ಹೊಲಿಗೆ. ನಡುಮಧ್ಯದಿಂದ ಶುರು ಮಾಡಿ ನಾಲ್ಕೂ ದಿಕ್ಕಿಗೆ, ಆಮೇಲೆ ನಾಲ್ಕು ಮೂಲೆಗೆ, ಆಮೇಲೆ ಆರಾರು ಇಂಚಿಗೆ ಒಂದು ಸಾಲು, ದೊಡ್ಡ ದೊಡ್ಡ ಹೊಲಿಗೆ. ಇದಕ್ಕೆ ಹೋಗೋ ಎರಡು ಗಂಟೆ ವೇಸ್ಟ್ ಅಂತ ಅಂದ್ಕೊಂಡು ಬರೀ ಪಿನ್ ಚುಚ್ಚಿ ಅಂಚಿಂದ ಹೊಲಿಯೋಕೆ ಶುರು ಮಾಡೋರೇ ಜಾಸ್ತಿ, ಆಗ ಹೆಚ್ಚಿನ ಬಟ್ಟೆ ಎಲ್ಲಾ ತಳ್ಳಿಕೊಂಡು ತಳ್ಳಿಕೊಂಡು ನಡುವೆ ಬಂದು ಗುಡ್ಡೆ ಆಗುತ್ತೆ, ಬಿಚ್ಚದೇ ಬೇರೆ ದಾರಿ ಇರಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಂಗಸರು ಮೂಲೆಯಿಂದ ಶುರು ಮಾಡಿ ಸುತ್ತ ಸುತ್ತ ಒಳಗೆ ಹೋಗ್ತಾರಲ್ಲ ಅಂತ ಕೇಳಬಹುದು. ಅವರು ತೇಪೆಯನ್ನ ಹೊಲೀತಾ ಹೊಲೀತಾನೇ ಇಟ್ಕೊಂಡು ಹೋಗ್ತಾರೆ, ಹೆಚ್ಚು ಬಂದ ಬಟ್ಟೆನ ಆಗಲೇ ಮಡಿಕೆಯಲ್ಲಿ ಮುಗಿಸಿಬಿಡ್ತಾರೆ. ಅದಕ್ಕೆ ವರ್ಷಗಳ ಕೈ ಪಳಗಿರಬೇಕು. ಮೊದಲೇ ತೇಪೆ ಜೋಡಿಸಿಟ್ಟು ಆ ಥರ ಸುತ್ತ ಹೊಲಿದ್ರೆ ಮೋಸ ಹೋಗ್ತೀರಿ.

6. ಹೊಲಿಗೆ

ಚಾಕಲ್ಲಿ ಒಂದು ಇಂಚಿಗೊಂದು ಗೆರೆ ಹಾಕಿ, ನಡುವಿನ ಗೆರೆಯಿಂದ ಹೊಲಿಗೆ ಶುರು ಮಾಡಿ, ಅಲ್ಲಿಂದ ಒಂದು ಪಕ್ಕಕ್ಕೆ, ಆಮೇಲೆ ಇನ್ನೊಂದು ಪಕ್ಕಕ್ಕೆ. ತೇಪೆಯ ಮಡಚಿದ ಅಂಚುಗಳನ್ನ ಮಾತ್ರ ಮೊದಲೇ ಸಣ್ಣ ಹೊಲಿಗೆಯಲ್ಲಿ ಕೂರಿಸ್ಕೊಳ್ಳಿ. ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಮೇಣಕ್ಕೆ ಒಂದು ಸಲ ಎಳೆದ್ರೆ ಸಿಕ್ಕು ಬೀಳಲ್ಲ. ಗಂಟು ಪದರದ ಒಳಗೆ ಸೇರಿಕೊಳ್ಳಲಿ. ಹೊಲಿಗೆ ಅಕ್ಕಿ ಕಾಳಿನಷ್ಟಿದ್ದು ಮೇಲೂ ಕೆಳಗೂ ಒಂದೇ ಸಮ ಕಾಣಬೇಕು, ಒಂದು ಸಲಕ್ಕೆ ಮೂರು ನಾಲ್ಕು ಹೊಲಿಗೆ ಸೂಜಿ ಮೇಲೆ ತಗೊಂಡು ಎಳೀರಿ.

ಪ್ರತಿ ಸಾಲು ಮುಗಿದಾಗ ತಿರುಗಿಸಿ ಹಿಂದೆ ನೋಡಿ. ಸೂಜಿ ತಳದವರೆಗೆ ಹೋಗದೇ ಮಧ್ಯದ ಪದರದಲ್ಲೇ ವಾಪಸ್ ಬಂದಿದ್ರೆ ಮುಂದೆ ಗೊತ್ತಾಗಲ್ಲ, ಒಗೆದಾಗ ಆ ಜಾಗ ಜೋತು ಬೀಳುತ್ತೆ.

ಹತ್ತು ಸಾಲಿಗೊಂದು ಸಲ ಟೇಪ್ ಹಿಡಿದು ಎಡಕ್ಕೆ, ನಡುವೆ, ಬಲಕ್ಕೆ ಮೂರು ಕಡೆ ಉದ್ದ ಅಳೀರಿ. ಒಂದಿಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ನಿಲ್ಲಿಸಿ, ದಾರ ಬಿಗಿ ಎಳೀತಿದ್ದೀರಿ ಅಂತ ಅರ್ಥ. ಸಂಘದಲ್ಲಿ ನಾಲ್ಕು ಜನ ಕೂತು ಒಂದೇ ಕೌದಿ ಹೊಲಿಯುವಾಗ ಇದು ಇನ್ನೂ ಮುಖ್ಯ, ಒಬ್ಬೊಬ್ಬರ ಕೈ ಒಂದೊಂದು ಬಿಗಿ ಇರುತ್ತೆ.

ರಾತ್ರಿ ಮಂದ ಬಲ್ಬಲ್ಲಿ ಹೊಲಿಯೋದು ತಪ್ಪಿಸೋಕೆ ಆಗೋದಾದ್ರೆ ತಪ್ಪಿಸಿ. ಬೆನ್ನಿಗೆ ಗೋಡೆ ಆಸರೆ ಇರಲಿ, ಗಂಟೆಗೊಮ್ಮೆ ಎದ್ದು ಓಡಾಡಿ. ಬೆರಳು ಜೋಮು ಹಿಡಿಯೋದು, ಸಂಜೆ ಹೊತ್ತಿಗೆ ಕಣ್ಣು ಮಂಜಾಗೋದು ಶುರುವಾದ್ರೆ ದೇಹ ಸಾಕು ಅಂತ ಹೇಳ್ತಿದೆ, ಅದನ್ನ ಸಹಿಸ್ಕೊಂಡು ಹೊಲಿದು ಕೈನೇ ಹೋದ್ರೆ ಬದಲಿ ಸಿಗಲ್ಲ.

7. ಅಂಚು ಮತ್ತು ಕೊನೆ ಕೆಲಸ

ಎಲ್ಲ ಸಾಲು ಮುಗಿದ್ಮೇಲೆ ನಾಲ್ಕೂ ಕಡೆ ನೇರ ಗೆರೆ ಹಾಕಿ ಕತ್ತರಿಸಿ, ಮೂರಿಂಚು ಅಗಲದ ಗಟ್ಟಿ ಬಟ್ಟೆ ಪಟ್ಟಿ ಮಡಚಿ ಅಂಚು ಕಟ್ಟಿ. ಮೊದಲು ಹರಿಯೋದು ಅಂಚೇ, ಹಾಗಾಗಿ ಇಲ್ಲಿ ಹಳೇ ಸವೆದ ಬಟ್ಟೆ ಬೇಡ. ಕಚ್ಚಾ ಹೊಲಿಗೆ ಬಿಚ್ಚಿ, ಪಿನ್ನು ಎಣಿಸಿ. ಎಷ್ಟು ಚುಚ್ಚಿದ್ರೋ ಅಷ್ಟೂ ವಾಪಸ್ ಬಂದಿರಬೇಕು, ಒಳಗೊಂದು ಉಳಿದು ಯಾರದ್ದೋ ಮಗುವಿಗೆ ಚುಚ್ಚಿದ್ರೆ ಆ ಗಿರಾಕಿ ಮತ್ತೆ ನಿಮ್ಮ ಮುಖ ನೋಡಲ್ಲ. ಆಮೇಲೆ ಒಮ್ಮೆ ಒಗೆದು ಬಿಸಿಲಿಗೆ ಹಾಕಿ. ನಿಮ್ಮ ಕೈಯಲ್ಲೇ ಒಂದು ಒಗೆತ ದಾಟಿದ ಕೌದಿನ ಧೈರ್ಯವಾಗಿ ಮಾರಬಹುದು.

8. ರೇಟ್ ಕಟ್ಟೋದು

ಎಲ್ಲರೂ ರೇಟನ್ನ ಅಕ್ಕಪಕ್ಕದವರನ್ನ ಕೇಳಿ ಹೇಳ್ತಾರೆ. ನೋಟ್‌ಬುಕ್ ತೆಗೀರಿ, ನಿಮ್ಮ ಕೈ ಲೆಕ್ಕದಿಂದ ಹೇಳಿ.

60 ಇಂಚು 90 ಇಂಚು ಕೌದಿಗೆ ಇಂಚಿಗೊಂದು ಸಾಲು ಅಂದ್ರೆ 60 ಸಾಲು, ಒಂದೊಂದು 90 ಇಂಚು. ಒಟ್ಟು 5,400 ಇಂಚು, ಅಂದ್ರೆ 137 ಮೀಟರ್ ಹೊಲಿಗೆ. ಗಡಿಯಾರ ನೋಡ್ಕೊಂಡು ಒಂದು ಗಂಟೆ ಹೊಲಿದು ಎಷ್ಟು ಮೀಟರ್ ಆಯ್ತು ಅಳೀರಿ. ನಾಲ್ಕು ಮೀಟರ್ ಅಂತ ಇಟ್ಕೊಳ್ಳೋಣ, 34 ಗಂಟೆ. ಒಗೆತ, ಕತ್ತರಿಸೋದು, ಹಾಸೋದು, ಅಂಚು ಎಲ್ಲಾ ಸೇರಿ ಇನ್ನೊಂದು 10 ಗಂಟೆ. ಒಟ್ಟು 44 ಗಂಟೆ.

ಗಂಟೆಗೆ ಎಷ್ಟು? ಕೆಳಗಿನ ಮಿತಿ ಆಗಿ ಉದ್ಯೋಗ ಖಾತ್ರಿ ಕೂಲಿ ಇಟ್ಕೊಳ್ಳಿ, ಕರ್ನಾಟಕಕ್ಕೆ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದ್ರೆ ಗಂಟೆಗೆ 46. 44 ಗಂಟೆಗೆ 2,024 ರೂಪಾಯಿ. ದಾರ, ಮೇಣ, ಸೋಪು, ಅಂಚಿನ ಬಟ್ಟೆ ಎಲ್ಲಾ ಸೇರಿ 350 ಆಯ್ತು ಅಂದ್ರೆ 2,374. ಇದು ಲಾಭ ಸೇರಿಸದ ಬೆಲೆ.

ಇದೇ ಕೌದಿನ 800ಕ್ಕೆ ಕೊಟ್ರೆ ಏನಾಗುತ್ತೆ ನೋಡಿ. ಸಾಮಾನಿನ 350 ಕಳೆದ್ರೆ 450 ಉಳೀತು, ಗಂಟೆಗೆ ಹತ್ತು ರೂಪಾಯಿ, ಎಂಟು ಗಂಟೆ ದುಡಿದ್ರೆ 82. ನುರಿತ ಕೈಗೆ ದಿನಕ್ಕೆ 82 ರೂಪಾಯಿ ಕೂಲಿ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳಿದ್ರೆ ನಾವು ಒಪ್ತೀವಾ? ಕೌದಿ ರೂಪದಲ್ಲಿ ಬಂದಾಗ ಮಾತ್ರ ಒಪ್ಪಿಬಿಡ್ತೀವಿ, ನನಗೆ ಇದು ತುಂಬಾ ಸಂಕಟ ಕೊಡೋ ವಿಷಯ.

ಗಿರಾಕಿಗೆ ಜಾಸ್ತಿ ಆಯ್ತು ಅಂದ್ರೆ ಕೂಲಿ ಕಮ್ಮಿ ಮಾಡಬೇಡಿ, ಕೆಲಸ ಕಮ್ಮಿ ಮಾಡಿ. ಒಂದೂವರೆ ಇಂಚಿಗೊಂದು ಸಾಲು ಹಾಕಿದ್ರೆ 40 ಸಾಲು, 91 ಮೀಟರ್, 11 ಗಂಟೆ ಉಳಿಯುತ್ತೆ, ಬೆಲೆ 500 ರೂಪಾಯಿ ಇಳಿಸಬಹುದು. ಎರಡು ಇಂಚಿಗಿಂತ ಜಾಸ್ತಿ ಅಂತರ ಮಾತ್ರ ಬೇಡ, ಒಳಪದರ ಸರಿದಾಡುತ್ತೆ.

9. ಮಾರೋದು

ಶುರುವಿಗೆ ಎಲ್ಲಕ್ಕಿಂತ ಒಳ್ಳೇದು ಗಿರಾಕಿಯೇ ಸೀರೆ ತಂದುಕೊಡೋ ಆರ್ಡರ್. ಅಮ್ಮನದ್ದೋ ಅಜ್ಜಿಯದ್ದೋ ಸೀರೆ ಬೀರುವಿನಲ್ಲಿ ಇಟ್ಕೊಂಡು ಏನು ಮಾಡೋದು ಅಂತ ಇರೋರು ಪೇಟೆಯಲ್ಲಿ ತುಂಬಾ ಜನ. ಬಟ್ಟೆ ಖರ್ಚಿಲ್ಲ, ಮಾರಾಟ ಆಗುತ್ತೋ ಇಲ್ವೋ ಅನ್ನೋ ಭಯ ಇಲ್ಲ. ಆದ್ರೆ ಆ ಸೀರೆ ಹೋದ್ರೆ ಮತ್ತೆ ಸಿಗಲ್ಲ, ಹಾಗಾಗಿ ಅವರ ಎದುರಿಗೇ ಬಿಚ್ಚಿ ಬೆಳಕಿಗೆ ಹಿಡಿದು ಸವೆದಿರೋದು, ಕಲೆ ಎಲ್ಲಾ ತೋರಿಸಿ, ಎಷ್ಟು ಸೀರೆ ಅಂತ ಬರೆದು, ಫೋಟೋ ತೆಗೆದು ಇಟ್ಕೊಳ್ಳಿ. ರೇಷ್ಮೆ ಇದ್ರೆ ನಿಮ್ಮ ಕೈ ಪಳಗೋವರೆಗೂ ಬೇಡ ಅನ್ನಿ. ಅರ್ಧ ದುಡ್ಡು ಅಡ್ವಾನ್ಸ್ ಬರದೆ ಕತ್ತರಿ ಹಾಕಬೇಡಿ. ಹತ್ತು ದಿನ ಬೇಕಾದ್ರೆ ಹದಿನೈದು ಅಂತ ಹೇಳಿ.

ಫೋಟೋ ಹಗಲು ಬೆಳಕಲ್ಲಿ ತೆಗೀರಿ, ಒಂದು ಪೂರ್ತಿ ಕೌದಿ, ಒಂದು ಹೊಲಿಗೆ ಹತ್ತಿರದಿಂದ, ಒಂದು ಹಿಂಭಾಗ. ಹಿಂಭಾಗ ತೋರಿಸೋರು ಕಮ್ಮಿ, ಅದನ್ನ ನೋಡಿಯೇ ಗಿರಾಕಿಗೆ ಕೈಹೊಲಿಗೆ ಅಂತ ನಂಬಿಕೆ ಬರೋದು. ಹಳೇ ಬಟ್ಟೆಯಿಂದ ಮಾಡಿದ್ದು ಅನ್ನೋದನ್ನ ಮುಚ್ಚಿಡಬೇಡಿ. ಅಂಗಡಿಗೆ ಕೊಡೋದಾದ್ರೆ ಅವರ ಲಾಭ ನಿಮ್ಮ ಬೆಲೆ ಮೇಲೆ ಸೇರಲಿ, ನಿಮ್ಮ ಬೆಲೆಯಿಂದ ಕಳೀಬಾರದು. ಮಾರಾಟ ಆದ್ಮೇಲೆ ದುಡ್ಡು ಅನ್ನೋರಿಗೆ ಒಂದೇ ಒಂದು ಕೊಟ್ಟು ನೋಡಿ, ರಶೀದಿ ಬರೆಸ್ಕೊಳ್ಳಿ.

10. ಸಂಘ, ಕಾಗದಪತ್ರ, ಎಚ್ಚರಿಕೆ

ಸಂಜೀವಿನಿ ಸ್ವಸಹಾಯ ಸಂಘದಲ್ಲಿದ್ರೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ಎಂಬಿಕೆ (ಒಕ್ಕೂಟದ ಲೆಕ್ಕಪುಸ್ತಕ ಬರೆಯೋರು) ಹತ್ರ ಕೇಳಿ, ಸಂಘಗಳ ಮಾಲು ಮಾರೋ ಸರಸ್ ಮೇಳದಂಥ ಕಡೆ ಮಳಿಗೆಗೆ ಹೆಸರು ಕೊಡೋ ದಾರಿ ಅಲ್ಲಿಂದ ಸಿಗುತ್ತೆ. ಕೇಂದ್ರ ಜವಳಿ ಮಂತ್ರಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಿಂದ ಕುಶಲಕರ್ಮಿಗಳಿಗೆ ಪೆಹಚಾನ್ ಗುರುತಿನ ಚೀಟಿ ಇದೆ, ಸಣ್ಣ ಉದ್ಯಮಕ್ಕೆ ಉದ್ಯಮ್ ನೋಂದಣಿ ಇದೆ, ಎರಡಕ್ಕೂ ಸರ್ಕಾರಕ್ಕೆ ಕಟ್ಟೋ ಫೀಸ್ ಇಲ್ಲ. ಮಾಡಿಸಿಕೊಡ್ತೀನಿ ಅಂತ ಸಾವಿರಗಟ್ಟಲೆ ಕೇಳೋರಿಂದ ದೂರ ಇರಿ. ಜಿಎಸ್‌ಟಿ ಬಗ್ಗೆ ಭಯ ಬೇಡ, ರಾಜ್ಯದ ಒಳಗೆ ಸರಕು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟೋವರೆಗೂ ನೋಂದಣಿ ಕಡ್ಡಾಯ ಇಲ್ಲ. ಹೊರರಾಜ್ಯಕ್ಕೆ ಕಳಿಸೋದು, ದೊಡ್ಡ ಆನ್‌ಲೈನ್ ಸೈಟಲ್ಲಿ ಹಾಕೋದು ಬೇರೆ ಲೆಕ್ಕ, ಶುರು ಮಾಡೋ ಮುಂಚೆ ತಿಳಿದವರನ್ನ ಕೇಳಿ.

ಮನೇಲೇ ಕೂತು ಕೌದಿ ಹೊಲೀರಿ, ಮೊದಲು ಬಟ್ಟೆಗೆ ಡಿಪಾಸಿಟ್ ಕಟ್ಟಿ ಅನ್ನೋರು, ಖಾಲಿ ಪೇಪರ್ ಮೇಲೆ ಸಹಿ ಕೇಳೋರು, ಓಟಿಪಿ ಕೇಳೋರು ಮೂವರಿಗೂ ಬೇಡ ಅನ್ನಿ. ಮೊದಲ ಐದು ಕೌದಿ ಮಾರಾಟ ಆಗೋವರೆಗೂ ಈ ಕೆಲಸಕ್ಕೆ ಅಂತ ಯಾವ ಫೈನಾನ್ಸ್‌ನಿಂದಲೂ ಸಾಲ ತಗೋಬೇಡಿ, ವಾರದ ಕಂತು ಕೌದಿ ಮುಗಿಯೋ ತನಕ ಕಾಯಲ್ಲ.

ಸಂಘದಲ್ಲಿ ಜಗಳ ಬರೋದು ದುಡ್ಡು ಹಂಚೋವಾಗ. ಕೌದಿಗಿಷ್ಟು ಅಂತ ಸಮ ಹಂಚಿದ್ರೆ ಜಾಸ್ತಿ ಹೊಲಿದವಳಿಗೆ ಅನ್ಯಾಯ. ಯಾರು ಎಷ್ಟು ಸಾಲು ಹೊಲಿದ್ರು ಅಂತ ಆ ದಿನವೇ ನೋಟ್‌ಬುಕ್ಕಲ್ಲಿ ಬರೀರಿ, ಓದೋಕೆ ಬರದವರಿಗೆ ಗೀಟು ಎಳೆದು ತೋರಿಸಿ, ಒಗೆದು ಹಾಸಿದವರ ಗಂಟೆನೂ ಲೆಕ್ಕಕ್ಕೆ ಬರಲಿ. ಅಡ್ವಾನ್ಸ್ ಬಂದ ಆರ್ಡರ್ ಆದ್ರೆ ಅದರಲ್ಲಿ ಸ್ವಲ್ಪನಾದ್ರೂ ಪ್ರತಿ ವಾರ ಹೊಲಿದವರ ಕೈಗೆ ಹೋಗಲಿ, ಪೂರ್ತಿ ಮುಗಿದ್ಮೇಲೆ ಕೊಡೋಣ ಅಂದ್ರೆ ಅವಳು ಮುಂದಿನ ವಾರ ಕಳೆ ಕೀಳೋ ಕೂಲಿಗೆ ಹೋಗ್ತಾಳೆ, ಕೌದಿ ಅರ್ಧಕ್ಕೇ ನಿಲ್ಲುತ್ತೆ.

ಮಾರಿದ ಪ್ರತಿ ಕೌದಿ ಜೊತೆ ಒಂದು ಚೀಟಿ ಇಡಿ: ತಣ್ಣೀರಲ್ಲಿ ಒಗೀಬೇಕು, ಕಲ್ಲಿಗೆ ಬಡೀಬಾರದು, ಹಿಂಡದೇ ಅಡ್ಡ ಹಾಸಿ ಒಣಗಿಸಬೇಕು, ದಾರ ಬಿಟ್ರೆ ಈ ನಂಬರಿಗೆ ಫೋನ್ ಮಾಡಿ. ಮೊದಲ ವರ್ಷ ದಾರ ಬಿಟ್ಟಿದ್ದನ್ನ ಉಚಿತವಾಗಿ ಹಾಕಿಕೊಡಿ, ಆಮೇಲೆ ಬಂದ್ರೆ ಗಂಟೆ ಲೆಕ್ಕದಲ್ಲಿ ರಿಪೇರಿ ಚಾರ್ಜ್ ಹೇಳಿ. ರಿಪೇರಿಗೆ ಬಂದ ಕೌದಿನ ವಾಪಸ್ ಕೊಡೋ ಮುಂಚೆ ಎಲ್ಲಿ ಹರಿದಿದೆ, ಯಾವ ದಾರ ಹಾಕಿದ್ವಿ, ಯಾವ ಬಟ್ಟೆ ಸೋತಿದೆ ಅಂತ ನೋಡಿ ಬರೆದಿಟ್ಕೊಳ್ಳಿ, ಮುಂದಿನ ಸಲ ಸೀರೆ ಆರಿಸುವಾಗ ಆ ಪುಟ ತೆಗೆದು ನೋಡಿ.